ಅಂಚಿನ ಎರಡು ಕಡ್ಡಿ

ಕೂಟಗಲ್ಲಿನ ನಮ್ಮ ಶಾಲೆಯ ಮಕ್ಕಳಿಗೆಂದು ಚನ್ನಪಟ್ಟಣದ ಶುಕೂರ್ ಸಾಬರ ಹತ್ತಿರ ಒಂದು ಕಲಿಂಬಾ ತಂದಿದ್ದೆ. ಅಂಗೈಗೆ ಒಗ್ಗುವ ಮರದ ಡಬ್ಬಿ, ಅದರ ಮೇಲೆ ಹದಿನೇಳು ಉಕ್ಕಿನ ಕಡ್ಡಿ. ಹೆಬ್ಬೆರಳ ಉಗುರಿನಿಂದ ಮೀಟಿದರೆ ನುಡಿಯುತ್ತದೆ. ನಡುವಿನ ಕಡ್ಡಿ ಉದ್ದ, ಅದರ ದನಿ ದಪ್ಪ. ಅಂಚಿಗೆ ಹೋದಂತೆ ಕಡ್ಡಿಯೂ ಗಿಡ್ಡ, ದನಿಯೂ ಸಣ್ಣ. ಎರಡೇ ದಿನಕ್ಕೆ ಮಕ್ಕಳಿಂದ ದೂರು ಬಂತು: "ಮಿಸ್, ಅಂಚಿಂದೆರಡು ಕಿರುಚ್ತವೆ." ಮೊಬೈಲಿನಲ್ಲಿ ಶ್ರುತಿ ತೋರಿಸುವ ಆ್ಯಪ್ ಹಾಕಿ ನೋಡಿದೆ. ಹದಿನೈದು ಸರಿಯಾಗಿದ್ದವು, ಅಂಚಿನ ಎರಡು ಮಾತ್ರ ಮೇಲಕ್ಕೇರಿದ್ದವು. ನನಗೋ ಕೋಪ ಮೂಗಿನ ತುದಿಯಲ್ಲೇ. ಶನಿವಾರ ಶಾಲೆ ಮುಗಿದದ್ದೇ ಬಸ್ಸು ಹತ್ತಿದೆ.

ಸಾಬರು ಹದಿಮೂರನೇ ವಯಸ್ಸಿಗೆ ಲೇತಿನ ಮುಂದೆ ಕೂತವರು. ನಲವತ್ತನಾಲ್ಕು ವರ್ಷ ಮೋಟಾರಿನ ಸದ್ದಿನಲ್ಲಿ ಬುಗುರಿ, ಗಿಲಕಿ, ಕುದುರೆ ತಿರುಗಿಸಿದರು, ಅರಗಿನ ಬಣ್ಣ ಹಿಡಿಸಿದರು. ಹೋದ ವರ್ಷ ಡಾಕ್ಟರು ಮರದ ಧೂಳು ಸಾಕು ಎಂದಮೇಲೆ ಲೇತ್ ಬಿಟ್ಟರು. ಗೊಂಬೆ ಅಂಗಡಿಯ ಓವೈಸ್ ಆಗ ಕರೆದು ಕಲಿಂಬಾದ ಕೆಲಸ ಕೊಟ್ಟ. ಡಬ್ಬಿ ಬೇರೆಯವರು ಮಾಡುತ್ತಾರೆ. ಮನೆಯಲ್ಲೇ ಕೂತು ಕಡ್ಡಿ ಜೋಡಿಸಿ ಶ್ರುತಿ ಮಾಡುವುದು ಇವರ ಪಾಲು. ಅವರ ಕೈಯಲ್ಲಿ ಉಳಿದಿರುವುದು ಅದೊಂದೇ ಕೆಲಸ.

ನಾನು ಹೋದಾಗ ಚಾಪೆಯ ಮೇಲೆ ಕೂತಿದ್ದರು. ಹಿಂದಿನ ಕಪಾಟಿನಲ್ಲಿ ಹನ್ನೆರಡು ಕಲಿಂಬಾ ಸಾಲಾಗಿದ್ದವು. ಸಂಜೆ ಓವೈಸ್ ಬಂದು ಒಯ್ಯುವವನಿದ್ದ. ಹೆಂಡತಿ ಶಬ್ನಮಕ್ಕ ನನಗೆ ಟೀ ಕೈಗೆ ಕೊಟ್ಟರು, ಗಂಡನದನ್ನು ನೆಲಕ್ಕೆ ಕುಕ್ಕಿ ಒಳಗೆ ಹೋದರು. ಆ ಮನೆಯಲ್ಲಿ ಗಂಡ ಹೆಂಡತಿಗೆ ಮಾತಿಲ್ಲವೆಂದು ನನಗೆ ಮೊದಲೇ ಅನುಮಾನವಿತ್ತು.

"ಸಾಬ್ರೇ, ಇದು ಕಿರುಚುತ್ತೆ," ಎಂದೆ.

ಅವರು ಡಬ್ಬಿಗೆ ಗದ್ದ ಒತ್ತಿ ಮೀಟಿದರು. "ಸರಿಯಾಗೈತಲ್ಲ ಟೀಚರಮ್ಮ. ಸಣ್ಣ ಕಡ್ಡಿ ಟಕ್ ಅಂತದೆ ಅಷ್ಟೆ."

ಮೊಬೈಲ್ ತೋರಿಸಿದೆ. "ಫೋನು ಮೊನ್ನೆ ಹುಟ್ಟಿದ್ದು, ನನ್ ಕಿವಿಗೆ ಐವತ್ತೆಂಟಾಯ್ತು," ಎಂದು ನಕ್ಕರು. ನಗು ಯಾಕೋ ಅರ್ಧಕ್ಕೇ ನಿಂತಿತು.

ಜಗಳ ಬಿಡುವವಳಲ್ಲ ನಾನು. ಕಡ್ಡಿಗಳ ತುದಿಯೆಲ್ಲ ದುಂಡಗಿದ್ದವು. ಯಾಕೆ ಎಂದು ಕೇಳಿದೆ.

"ಅರ ಹಾಕಿ ಉಜ್ಜಿವ್ನಿ. ಮಗು ಬಾಯಿಗಿಟ್ಕೊಂಡ್ರೆ ಚುಚ್ಚಲ್ವಾ? ನಮ್ ಕೈಯಿಂದ ಚೂಪಾಗಿರೋ ಸಾಮಾನು ಹೊರಗೆ ಹೋಗಾಕಿಲ್ಲ. ಉಜ್ಜಿದ್ರೆ ಕಡ್ಡಿ ಹಗುರಾಗಿ ದನಿ ಒಸಿ ಏರ್ತದೆ, ಗೊತ್ತು. ಆಮೇಲೆ ಕೇಳ್ಕೊಂಡು ಕೇಳ್ಕೊಂಡು ಹೊರಕ್ಕೆ ಎಳ್ದು ಉದ್ದ ಮಾಡಿ ದನಿ ಇಳಿಸ್ತೀನಿ."

ಬೊಂಬೆ ಮಾಡುವವರಿಗೆ ಮಾತ್ರ ಬರುವ ಬುದ್ಧಿ ಇದು. ಆದರೆ ಹದಿನೈದನ್ನು ಇಳಿಸಿದವರು ಎರಡನ್ನು ಯಾಕೆ ಬಿಟ್ಟರು? ಎದ್ದು ಅವರ ಬೆನ್ನ ಹಿಂದಿನ ಕಪಾಟಿನಿಂದ ಒಂದು ಕಲಿಂಬಾ ತೆಗೆದುಕೊಂಡೆ. ನಡುವಿನ ಕಡ್ಡಿ ಮೀಟಿದೆ.

"ಅದು ನಡೂದು," ಎಂದರು, ತಿರುಗದೆ.

ಅಂಚಿನದನ್ನು ಮೀಟಿದೆ. ಇನ್ನೊಂದು ಅಂಚಿನದನ್ನೂ ಮೀಟಿದೆ. ಮತ್ತೊಮ್ಮೆ ಜೋರಾಗಿ ಮೀಟಿದೆ.

"ಮೀಟಿ ಟೀಚರಮ್ಮ. ಯಾಕೆ ಸುಮ್ನಾದ್ರಿ?"

ಬಸ್ಸು ಹತ್ತಿ ಬಂದ ನನ್ನ ಕೋಪಕ್ಕೆ ನಾನೇ ಛೀಮಾರಿ ಹಾಕಿಕೊಂಡೆ. ಸುಳ್ಳು ಹೇಳಿ ಹೊರಟುಬಿಡಲೇ ಎನಿಸಿತು. ಆದರೆ ಆ ಹನ್ನೆರಡೂ ಸಂಜೆ ಹೊರಡಬೇಕಲ್ಲ! ಮುಂದೆ ಬಂದು ಕೂತು, "ಮೂರು ಸಲ ಮೀಟಿದೆ ಸಾಬ್ರೇ," ಎಂದೆ.

ಅವರು ಕೈಯಲ್ಲಿದ್ದ ಕಲಿಂಬಾ ಕೆಳಗಿಟ್ಟರು. ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಎರಡು ಮೂರು ವರ್ಷದಿಂದ ಸಣ್ಣ ದನಿ ಕೇಳಿಸ್ತಿಲ್ಲ. ಓವೈಸ್‌ಗೆ ಹೇಳ್ಬ್ಯಾಡಿ, ನಿಮ್ಮ ದಮ್ಮಯ್ಯ. ಇದೂ ಹೋದ್ರೆ ನಾನು ಬೆಳಗಿಂದ ಸಂಜೆಗಂಟ ಏನ್ ಮಾಡ್ಲಿ?"

ಅಡುಗೆಮನೆ ಬಾಗಿಲಲ್ಲಿ ಶಬ್ನಮಕ್ಕ ನಿಂತಿದ್ದರು, ಎಲ್ಲ ಕೇಳಿಸಿಕೊಂಡಿದ್ದರು.

"ಕಿವಿ ಕೇಳಿಸ್ತಿರಲಿಲ್ವಾ?" ಎಂದು ನನ್ನನ್ನೇ ಕೇಳಿದರು. "ಮದುವೆಯಾಗಿ ಮೂವತ್ತೆರಡು ವರ್ಷ, ಹೆಸರು ಹಿಡಿದು ಕರೆದವಳಲ್ಲ ನಾನು. ಬಾಗಿಲಲ್ಲಿ ನಿಂತು ಬಳೆ ಆಡಿಸ್ತಿದ್ದೆ, ಇವರು ತಿರುಗಿ ನೋಡೋರು. ಆಮೇಲೆ ನೋಡೋದೇ ಬಿಟ್ರು. ನನ್ ಮೇಲೆ ಮನಸ್ಸು ಮುರೀತು ಅಂದ್ಕೊಂಡು ನಾನೂ ಮಾತು ಬಿಟ್ಟೆ." ಸೆರಗಿನಿಂದ ಮೂಗು ಒರೆಸಿಕೊಂಡರು. ಸಾಬರು ತಲೆ ಎತ್ತಲಿಲ್ಲ.

ಶಬ್ನಮಕ್ಕ ಬಂದು ಚಾಪೆಯ ಮೇಲೆ ಗಂಡನೆದುರು ಕೂತರು. ನಾನು ಬಸ್ಸಿನ ಯೋಚನೆ ಬಿಟ್ಟು ಕಪಾಟಿನಿಂದ ಒಂದೊಂದೇ ಕೊಟ್ಟೆ. ಸಾಬರು ಚಿಕ್ಕ ಸುತ್ತಿಗೆಯಿಂದ ತಟ್ಟಿ ಕಡ್ಡಿಯನ್ನು ಹೊರಕ್ಕೆ ಸರಿಸುವುದು. ಶಬ್ನಮಕ್ಕ ಮೀಟಿ, ಮಾದರಿಗೆಂದು ಓವೈಸ್ ಕೊಟ್ಟಿದ್ದ ಕಲಿಂಬಾಕ್ಕೆ ಹೋಲಿಸಿ, ಸಾಕು ಎಂದು ಕೈ ಎತ್ತುವುದು. ನಾನು ಮೊಬೈಲಿನಲ್ಲಿ ನೋಡಿದೆ. ಆಕೆಯ ಕಿವಿ ತಪ್ಪಲಿಲ್ಲ. ನಾನು ಮಾತ್ರ ಬೀದಿಯಲ್ಲಿ ಬೈಕಿನ ಸದ್ದಾದಾಗೆಲ್ಲ ಓವೈಸ್ ಬಂದನೇನೋ ಎಂದು ಬಾಗಿಲ ಕಡೆ ನೋಡುತ್ತಿದ್ದೆ. ಒಂಬತ್ತು ಮುಗಿದಿದ್ದವು. ಶಬ್ನಮಕ್ಕ ದೀಪ ಹಾಕಲು ಎದ್ದಾಗ ಬಾಗಿಲಲ್ಲಿ ಓವೈಸ್ ನಿಂತಿದ್ದ.

ಸಾಬರು ಡಬ್ಬಿಗೆ ಗದ್ದ ಒತ್ತಿ ಬಗ್ಗಿಯೇ ಇದ್ದರು. ಶಬ್ನಮಕ್ಕನ ಕೈ ಅಭ್ಯಾಸಬಲದಿಂದ ಬಳೆ ಆಡಿಸಲು ಮೇಲೆದ್ದು, ಕೆಳಗಿಳಿಯಿತು.

"ಶುಕೂರ್!" ಎಂದು ಬೀದಿಗೇ ಕೇಳುವಂತೆ ಕೂಗಿದರು.

ಸಾಬರು ತಿರುಗಿದರು. ಓವೈಸನನ್ನು ನೋಡಿದರು, ಹೆಂಡತಿಯನ್ನು ನೋಡಿದರು.

"ಅವನಿಗೆ ಒಸಿ ಕೂರಕ್ಕೆ ಹೇಳು," ಎಂದರು. "ನೀನು ಕೇಳೋದು ಇನ್ನೂ ಮೂರು ಐತೆ."