ಕತ್ತರಿಸಿದ ದನಿ ಹೊತ್ತು ತಿಗನಾರೆಗೆ

ಮೈಸೂರಿನಿಂದ ಬೆಳಗಿನ ಬಸ್ಸಿಗೆ ಹೊರಟೆವು. ಆಷಾಢದ ಗಾಳಿ, ಕವಿದ ಮೋಡ, ಮಳೆ ಮಾತ್ರ ಇಲ್ಲ. ಚಾಮರಾಜನಗರದವರೆಗೆ ಸುಮಕ್ಕನಿಗೆ ಟಿಕೆಟ್ ಉಚಿತ, ನನಗೆ ಪೂರ್ತಿ ದರ. ಸಮಾನತೆಯ ಬಗ್ಗೆ ಒಂದು ವಾದ ಹೂಡೋಣ ಎಂದುಕೊಂಡವನು ಅವರ ಮುಖ ನೋಡಿ ಕೈಬಿಟ್ಟೆ. ಅವರ ಚೀಲದಲ್ಲಿದ್ದ ಒಂದು ಪೆನ್‌ಡ್ರೈವನ್ನು ತಾಳವಾಡಿ ಬೆಟ್ಟದ ತಿಗನಾರೆಗೆ ಮುಟ್ಟಿಸಬೇಕಿತ್ತು. ಅಷ್ಟೇ ಆಗಿದ್ದರೆ ಅಂಚೆಗೆ ಹಾಕಬಹುದಿತ್ತಲ್ಲ?

ನಾವಿಬ್ಬರೂ ವಿಶ್ವವಿದ್ಯಾಲಯದ ಮಕ್ಕಳ ಭಾಷಾ ಪ್ರಯೋಗಾಲಯದವರು. ಪ್ರಯೋಗಾಲಯ ಅಂದರೆ ಗಾಜಿನ ನಳಿಕೆಗಳಿಲ್ಲ. ಚಿತ್ರಗಳ ಕಟ್ಟು, ರೆಕಾರ್ಡರ್, ಸದಾ ಹೆಡ್‌ಫೋನ್ ಸಿಕ್ಕಿಸಿಕೊಂಡ ನಾಲ್ಕು ಜನ. ಪುಟ್ಟ ಮಕ್ಕಳಿಗೆ ಚಿತ್ರ ತೋರಿಸಿ, ಅವರು ಯಾವುದನ್ನು ಏನೆಂದು ಕರೆಯುತ್ತಾರೆ ಎಂದು ದಾಖಲಿಸುತ್ತೇವೆ. ಸುಮಕ್ಕ ಹಳ್ಳಿಗಳಿಂದ ಮಾತು ತರುವವರು, ನಾನು ಕೂತಲ್ಲೇ ಕೇಳಿ ಬರೆಯುವವನು. ನಾನು ಸೇರುವ ಮುಂಚೆ, ಹೋದ ವರ್ಷ, ಅವರು ತಿಗನಾರೆಯ ಗೌರಿ ಎಂಬ ಮಗುವಿನ ಮಾತು ರೆಕಾರ್ಡ್ ಮಾಡಿದ್ದರು. ಪಕ್ಕದಲ್ಲಿ ಅಜ್ಜಿ ಕೂತಿದ್ದರು. ಆ ಅಜ್ಜಿ ಈಗಿಲ್ಲ. ಗೌರಿಯ ಅಪ್ಪ ಶಿವಣ್ಣ ಫೋನ್ ಮಾಡಿದ್ದರು. "ನಮ್ಮವ್ವಂದು ಫೋಟೊ ಅವೆ ಮೇಡಂ, ಮಾತು ಒಂದೂ ಇಲ್ಲ. ನಿಮ್ಮ ಮಿಸಿನ್ನಲ್ಲಿ ಮಾತಾಡವ್ಳಲ್ಲ, ಅದ ವಸಿ ತಂದ್ಕೊಡಿ."

ತರ್ತೀನಿ ಅಂದುಬಿಟ್ಟರು ಸುಮಕ್ಕ. ಆಮೇಲೆ ಕಂಪ್ಯೂಟರಿನಲ್ಲಿ ತೆರೆದು ನೋಡಿದರೆ ಅಜ್ಜಿಯ ಮಾತೇ ಇಲ್ಲ. ಅದು ನಮ್ಮ ನಿಯಮದ ಫಲ. ಮಗುವಿಗೆ ದೊಡ್ಡವರು ಹೇಳಿಕೊಟ್ಟರೆ ಆ ತುಣುಕನ್ನು ಕತ್ತರಿಸಬೇಕು. ಪ್ರಶ್ನೆ ಕೇಳುವ ನಮ್ಮವರ ದನಿ, ಮಗುವಿನ ದನಿ, ಎರಡೇ ಉಳಿಯಬೇಕು. ಮೂಲ ರೆಕಾರ್ಡಿಂಗ್ ಎಂದೋ ಅಳಿಸಿಹೋಗಿತ್ತು. ಮುಂದಿನ ಹಳ್ಳಿಗೆ ಜಾಗ ಬೇಕಲ್ಲ.

"ಫೋನಿನಲ್ಲೇ ಹೇಳಿಬಿಡಬಹುದಿತ್ತು" ಎಂದೆ.

"ಮುಖ ತೋರಿಸದೆ ಹೇಳೋಕಾಗಲ್ಲ ಕಣೋ."

ಚಾಮರಾಜನಗರದಲ್ಲಿ ಇಡ್ಲಿ ತಿಂದು ತಾಳವಾಡಿ ಬಸ್ಸು ಹಿಡಿದೆವು. ದಾರಿಯುದ್ದಕ್ಕೂ ವಾದ. ಮಗು ಹೇಳಿದ್ದು ಮಗುವಿನದೇ ಮಾತು ಅಂತ ಹೇಗೆ ಗೊತ್ತಾಗಬೇಕು, ಅದಕ್ಕೇ ಆ ನಿಯಮ ಎಂದರು ಅವರು. ಯಾವ ಮಗು ತಾನೇ ಸ್ವಂತ ಮಾತು ಆಡುತ್ತೆ, ಎಲ್ಲಾ ಅಜ್ಜಿಯಿಂದ ಕದ್ದದ್ದೇ ತಾನೇ ಎಂದೆ ನಾನು.

"ಪ್ರೊಫೆಸರ್ ಹತ್ತಿರ ಹೇಳು ಹೋಗು."

"ಹೇಳಿದೆ. ಚೆನ್ನಾಗಿದೆ, ಸೆಮಿನಾರಿನಲ್ಲಿ ಹೇಳು ಅಂದರು."

ಸುಮಕ್ಕ ನಗಲಿಲ್ಲ. ಕಿಟಕಿಯಾಚೆ ಚೆಂಡುಹೂವಿನ ಹೊಲ, ಎಲೆಕೋಸಿನ ಹೊಲ, ಅವುಗಳ ಹಿಂದೆ ಕಪ್ಪಗೆ ಕಾಡು. ನಾನು ಗೆದ್ದಿದ್ದೆ, ಆದರೆ ಆ ಗೆಲುವನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

ಗಡಿಯಾಚೆಯ ತಾಳವಾಡಿಯಲ್ಲಿ ಬೋರ್ಡುಗಳು ತಮಿಳು, ಬಯ್ಗುಳ ಕನ್ನಡ. ತಿಗನಾರೆಗೆ ಆಟೊ ಹತ್ತಿದೆವು. ಚಾಲಕನಿಗೆ ಸುಮಕ್ಕನ ಗುರುತು ಸಿಕ್ಕಿತು. "ಏನ್ ಮೇಡಂ, ತಿರ್ಗ ಮಕ್ಳ ಮಾತ ಇಡ್ಯಕ್ಕ ಬಂದ್ರಾ? ಮಾತ ಇಡ್ದು ಏನ್ ಮಾಡೀರಿ, ಒಲಕ್ಕ ನುಗ್ಗೋ ಆನ ಇಡ್ಕಂಡೋಗಿ, ಪುಣ್ಯ ಬತ್ತುದ."

ಶಿವಣ್ಣನ ಜಗುಲಿಯಲ್ಲಿ ಜನ ಕಾಯುತ್ತಿದ್ದರು. ಗೋಡೆಯ ಮೇಲೆ ಅಜ್ಜಿಯ ಫೋಟೊ, ಹಣೆಯ ಜಾಗಕ್ಕೆ ವಿಭೂತಿ. ದೊಡ್ಡಗಾಜನೂರಿನಿಂದ ಶಿವಣ್ಣನ ಅಕ್ಕ ರಾಜಮ್ಮ ಬಂದಿದ್ದರು. ಯಾರದೋ ಮನೆಯಿಂದ ದೊಡ್ಡ ಸ್ಪೀಕರ್ ತಂದಿಟ್ಟಿದ್ದರು.

ಸುಮಕ್ಕ ಕೂರಲೇ ಇಲ್ಲ. "ಶಿವಣ್ಣ, ಅಜ್ಜಿ ಮಾತು ಇದರಲ್ಲಿ ಇಲ್ಲ."

"ಇಲ್ದೆ ಎಲ್ಲೋದದು? ನಾನೇ ಬಾಗ್ಲಲ್ಲಿ ನಿಂತ್ಕಂಡು ಕೇಳೀನಿ."

ಸುಮಕ್ಕ ನನ್ನ ಕಡೆ ನೋಡಿದರು. ನಾನು ಮುಂದೆ ಬಂದು ನಿಯಮ ವಿವರಿಸಿದೆ. ಚೆನ್ನಾಗಿಯೇ ವಿವರಿಸಿದೆ: ಕಾರಣ, ಉದಾಹರಣೆ, ಎಲ್ಲ ಕ್ರಮವಾಗಿ. ರಾಜಮ್ಮ ಪೂರ್ತಿ ಕೇಳಿಸಿಕೊಂಡರು. "ಅಂಗಾರ, ನಮ್ಮವ್ವ ಮೊಮ್ಮಗಳ್ಗ ಏಳ್ಕೊಟ್ಟುದ್ದು ತಪ್ಪಾ?"

ತಪ್ಪಲ್ಲ ಎಂದರೆ ಕತ್ತರಿಸಿದ್ದು ತಪ್ಪು. ತಪ್ಪು ಎನ್ನುವ ಬಾಯಿ ಯಾರಿಗಿದೆ?

"ಆಕಿ ಮೇಡಂ, ಉಸ್ರಾದ್ರೂ ಇದ್ದಾತು" ಎಂದರು ಶಿವಣ್ಣ.

ಹಾಕಿದೆವು. ಇದೇನು ಪುಟ್ಟಿ, ಎಂದು ಸ್ಪೀಕರಿನಲ್ಲಿ ಸುಮಕ್ಕನ ದನಿ. ಮೊಲ, ಎಂದಳು ಹೋದ ವರ್ಷದ ಗೌರಿ. ಈ ವರ್ಷದ ಗೌರಿಗೆ ಕಿಸಕ್ಕನೆ ನಗು. ಪ್ರತಿ ಪ್ರಶ್ನೆಯ ನಂತರವೂ ಮನೆಯವರು ಸ್ಪೀಕರಿನ ಕಡೆ ಬಾಗುತ್ತಿದ್ದರು, ಮಗುವಿನ ಉತ್ತರ ಬಂದೊಡನೆ ಹಿಂದೆ ಸರಿಯುತ್ತಿದ್ದರು. ಆಮೇಲೆ ಸುಮಕ್ಕನ ದನಿ ಹೇಳಿತು: "ಅಜ್ಜೀ, ಹೇಳಿಕೊಡಬೇಡಿ." ಸ್ವಲ್ಪ ಹೊತ್ತಿಗೆ ಮತ್ತೆ, ನಯವಾಗಿ: "ಅಜ್ಜೀ, ನೀವು ಸ್ವಲ್ಪ ಹೊರಗೆ ಕೂತಿರಿ."

ಟಕ್ಕೆಂದು ರೆಕಾರ್ಡಿಂಗಿನಲ್ಲಿ ಒಂದು ಜಿಗಿತ, ಕತ್ತರಿಸಿದ ಜಾಗ. ನಂತರ ನೆಲದ ಮೇಲೆ ಸದ್ದು: ಒಂದು ಕಾಲು ಊರಿ, ಇನ್ನೊಂದು ಎಳೆದು, ಬಾಗಿಲ ಕಡೆಗೆ.

"ಅವ್ವ ಕಣ್ಲಾ" ಎಂದರು ರಾಜಮ್ಮ. "ಎಡಗಾಲ ಎಳೀತಾವಳೆ ನೋಡ್ಲಾ."

ಮಾತು ಕತ್ತರಿಸಲು ನಿಯಮವಿತ್ತು, ಹೆಜ್ಜೆ ಕತ್ತರಿಸಲು ಇರಲಿಲ್ಲ. ಅಲ್ಲಿಂದ ಮುಂದೆ ಮಗುವಿನ ದನಿ ಅಡ್ಡಿಯಿಲ್ಲದೆ, ಸ್ವಚ್ಛವಾಗಿ ಬಂತು. ನಾವು ಬಯಸುವುದು ಅಂಥದ್ದನ್ನೇ.

ಅಜ್ಜಿಯನ್ನು ಹೊರಗೆ ಕಳಿಸಿದ ಭಾಗ ಅದರಲ್ಲಿದೆ ಎಂದು ಸುಮಕ್ಕನಿಗೆ ಮೊದಲೇ ಗೊತ್ತಿತ್ತು. ಪೆನ್‌ಡ್ರೈವಿಗೆ ಹಾಕುವಾಗ ಅದನ್ನೂ ತೆಗೆದುಬಿಡಬಹುದಿತ್ತು. ತೆಗೆದಿರಲಿಲ್ಲ.

ಯಾರೂ ಜಗಳಕ್ಕೆ ಬರಲಿಲ್ಲ. ಬಂದಿದ್ದರೆ ನನಗೆ ಹಗುರಾಗುತ್ತಿತ್ತು. ರಾಗಿಮುದ್ದೆ, ಹುರುಳಿಕಾಳು ಸಾರು ಬಡಿಸಿದರು. ಶಿವಣ್ಣ ತಟ್ಟೆ ಮುಟ್ಟದೆ ಕೂತಿದ್ದರು.

"ಮೇಡಂ, ಆ ಟಕ್ ಅಂತಲ್ಲ, ಅಲ್ಲಿ ಅವ್ವ ಏನೋ ಅಂದವಳೆ. ಆಚಗ ಓಗಿ ಅಂದುದ್ಕ ಏನಂದ್ಲು?"

ಸುಳ್ಳಿಗೆ ಜಾಗವಿತ್ತು. ಸರಿ ಕಣವ್ವ ಅಂದರು, ನಕ್ಕರು, ಮೊಮ್ಮಗಳನ್ನು ನೋಡ್ಕೊ ಅಂದರು, ಯಾವುದು ಹೇಳಿದ್ದರೂ ಆ ಮನೆ ನಂಬುತ್ತಿತ್ತು. ನಾನಾಗಿದ್ದರೆ ಒಂದು ವಾಕ್ಯ ಹೊಸೆಯುತ್ತಿದ್ದೆ.

"ಏನೋ ಅಂದರು ಶಿವಣ್ಣ" ಎಂದರು ಸುಮಕ್ಕ. "ನನಗೆ ನೆನಪಿಲ್ಲ. ನಾನು ಮಗುವಿನ ಕಡೆ ನೋಡ್ತಿದ್ದೆ."

ಶಿವಣ್ಣ ತಲೆಯಾಡಿಸಿದರು. ರಾಜಮ್ಮ ಎದ್ದು ಒಳಗೆ ಹೋದರು.

ಮಧ್ಯಾಹ್ನದ ಹೊತ್ತಿಗೇ ಮಂಕು ಕವಿದಿತ್ತು. ಆಟೊ ಹೊರಟಿತು. ತಿರುಗಿ ನೋಡಿದರೆ ಶಿವಣ್ಣ ಸ್ಪೀಕರಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದರು. ಹಿಂದಕ್ಕೆ ಹೋಗುವ ಗುಂಡಿ ಯಾವುದೆಂದು ಕಲಿತುಬಿಟ್ಟಿದ್ದರು. ಅಜ್ಜೀ, ನೀವು ಸ್ವಲ್ಪ ಹೊರಗೆ ಕೂತಿರಿ. ಎಳೆಯುವ ಕಾಲಿನ ಸದ್ದು. ಮತ್ತೆ, ಅಜ್ಜೀ, ನೀವು ಸ್ವಲ್ಪ ಹೊರಗೆ ಕೂತಿರಿ.

ಸುಮಕ್ಕ ಸೆರಗನ್ನು ಕಿವಿಗೆ ಬಿಗಿಯಾಗಿ ಸುತ್ತಿಕೊಂಡರು. "ಗಾಳಿ" ಎಂದರು. ನಾನು ವಾದಿಸಲಿಲ್ಲ. ತಿರುವು ದಾಟುವವರೆಗೂ ಅವರದೇ ದನಿ ಆ ಮುದುಕಿಯನ್ನು ಹೊರಗೆ ಕಳಿಸುತ್ತಲೇ ಇತ್ತು.