ಸುಣ್ಣ ಬಳಿದ ಗುಡ್ಡ

ನಮ್ಮ ಓಣಿಯ ಔಷಧದ ಅಂಗಡಿ ಕಾಕಾರ ಕೊರಳಲ್ಲಿ ಯಾವಾಗಲೂ ಎರಡು ದಾರ ಕಾಣುತ್ತಿದ್ದವು. ಒಂದು ಶಿವದಾರ, ಇನ್ನೊಂದು ದುರ್ಬೀನಿನದು. ದುರ್ಬೀನು ಅಂಗಿಯೊಳಗೆ ಅಡಗಿರುತ್ತಿದ್ದುದರಿಂದ ಗುಂಡಿಗಳು ಈಗಲೋ ಆಗಲೋ ಹರಿಯುವಂತಿರುತ್ತಿದ್ದವು. ಅದೇನೆಂದು ಯಾರಾದರೂ ಕೇಳಿದರೆ, "ನಿಮಗ್ಯಾಕ ಬೇಕ್ರಿ?" ಎಂದು ತಿರುಗಿ ಕೇಳುತ್ತಿದ್ದರು. ಬಸವನ ಬಾಗೇವಾಡಿಯಲ್ಲಿ ಅಷ್ಟು ಸಂಶಯದ ಮನುಷ್ಯ ಇನ್ನೊಬ್ಬನಿರಲಿಲ್ಲ. ಎರಡನೆಯವನು ನೀವೇ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಆ ರೋಗ ನನಗೆ ಅಂಟಿದ್ದು ಆ ಅಂಗಡಿಯಿಂದಲೇ.

ಭಾನುವಾರ ಬೆಳಗಾಗುತ್ತಲೇ ಅವರು ಗುಡ್ಡಕ್ಕೆ ಹಕ್ಕಿ ಹುಡುಕಲು ಹೊರಡುತ್ತಿದ್ದರು. ಯಾವ ಗುಡ್ಡವೆಂದು ಕೇಳಬೇಡಿ. ಮುದ್ದೇಬಿಹಾಳದ ಕಡೆಯದೆಂದುಕೊಂಡರೂ ಸರಿ, ಸಿಂದಗಿ ಕಡೆಯದೆಂದುಕೊಂಡರೂ ಸರಿ. ಎಷ್ಟೋ ಸಲ ಗೋಗರೆದ ಮೇಲೆ ನನ್ನನ್ನೂ ಕರೆದುಕೊಂಡು ಹೋಗತೊಡಗಿದರು. ಆದರೆ ಹೊರಡುವ ಮೊದಲು ನನ್ನ ಮೊಬೈಲನ್ನು ಕೆಮ್ಮಿನ ಔಷಧದ ಪಕ್ಕ ಇಟ್ಟು ಡ್ರಾಕ್ಕೆ ಕೀಲಿ ಹಾಕುತ್ತಿದ್ದರು.

"ನೀ ಚಲೋ ಮನಶಾ ಅದಿ ತಮ್ಮಾ. ನಿನ್ನ ಫೋನಿನ ಭರೋಸಾ ಇಲ್ಲ. ಒಂದು ಫೋಟೋ ಹೊರಗ ಬಿತ್ತಂದ್ರ ನಾಳೆ ಇಡೀ ಜಿಲ್ಲಾನೇ ಗುಡ್ಡದ ಮ್ಯಾಲಿರತೈತಿ."

ಗೌಜಲಕ್ಕಿ ಓಡಿದರೆ ನಿಂತು ನೋಡುವರು, ಹಾಲಕ್ಕಿ ಕೂಗಿದರೆ ತಾವೂ ಹಾಗೇ ಕೂಗುವರು. ಆದರೆ ಅವರ ಜೀವವಿದ್ದದ್ದು ಬಂಡೆಯ ಸಂದಿನಲ್ಲಿ ವಾಸವಿದ್ದ ಕೊಂಬಿನ ಗೂಬೆಯ ಜೋಡಿಯ ಮೇಲೆ. "ಗೂಗಿ ಹುಡುಕಬ್ಯಾಡ, ಹಿಕ್ಕಿ ಹುಡುಕು" ಎನ್ನುವರು. ಬಂಡೆಯ ಮೇಲಿಂದ ಯಾರೋ ಸುಣ್ಣದ ನೀರು ಸುರಿದಂತೆ ಹಿಕ್ಕೆಯ ಬಿಳಿ ಪಟ್ಟಿ ಇಳಿದಿದ್ದರೆ, ಅದರ ಮೇಲುಗಡೆ ಗೂಬೆ ಕೂತಿದೆ ಎಂದೇ ಅರ್ಥ. ಮೊದಲ ಸಲ ನನಗೆ ಕಂದು ಕಲ್ಲಷ್ಟೇ ಕಂಡಿತು. ಆಮೇಲೆ ಆ ಕಲ್ಲು ಕಿತ್ತಳೆ ಬಣ್ಣದ ಎರಡು ಕಣ್ಣು ತೆರೆಯಿತು. ನಾನು ಹೌಹಾರಿದೆ. ಕಾಕಾ ಮಾತ್ರ ಮೊಮ್ಮಗುವನ್ನು ನೋಡುವಂತೆ ನೋಡುತ್ತಿದ್ದರು. "ಇವನ್ನ ಅಪಶಕುನ ಅಂತಾರಲ್ಲೋ, ಯಾರ ತಂಟೆಕ್ಕ ಹೋಗ್ಯಾವು ಪಾಪ" ಎಂದರು.

ಒಂದು ವರ್ಷ ದೀಪಾವಳಿ ಅಮಾವಾಸ್ಯೆ ಹತ್ತಿರವಾದಾಗ ಅಪರಿಚಿತನೊಬ್ಬ ಅಂಗಡಿಗೆ ಬಂದ. ಆ ಅಮಾವಾಸ್ಯೆಗೆ ಗೂಬೆ ಬಲಿ ಕೊಟ್ಟರೆ ಲಕ್ಷ್ಮಿ ಒಲಿಯುತ್ತಾಳೆಂದು ನಂಬುವ ಮೂಢರಿದ್ದಾರೆ, ಅಂಥವರಿಗಾಗಿ ಹಿಡಿದು ಮಾರುವವರೂ ಇದ್ದಾರೆ. ಅವನು ತಲೆನೋವಿನ ಗುಳಿಗೆ ಕೊಂಡು ಮೆಲ್ಲಗೆ ಕೇಳಿದ: "ಇಲ್ಲಿ ಗುಡ್ಡದಾಗ ದೊಡ್ಡ ಗೂಗಿ ಅದಾವಂತಲ್ರಿ? ಫೋಟೋ ತೆಗೀಬೇಕಾಗಿತ್ತು."

"ಕ್ಯಾಮೆರಾ ಎಲ್ಲೈತ್ರಿ?"

"ಗಾಡಿಯೊಳಗ ಐತ್ರಿ."

ಹೊರಗೆ ನಿಂತಿದ್ದ ಕಾರಿನ ಹಿಂದಿನ ಸೀಟಿನಲ್ಲಿದ್ದದ್ದು ಮುಚ್ಚಳದ ಬುಟ್ಟಿ ಮತ್ತು ದಪ್ಪ ಚರ್ಮದ ಕೈಗವಸು. ನಾನೂ ನೋಡಿದೆ, ಕಾಕಾರೂ ನೋಡಿದರು. "ತಡಾ ಮಾಡಿದ್ರಿ. ಈ ಕಡಿ ಒಂದೂ ಉಳಿದಿಲ್ಲ. ಇಂಡಿ ತಾಲ್ಲೂಕಿನ ಅಗರಖೇಡಕ್ಕ ಹೋಗ್ರಿ. ಭೀಮಾ ದಂಡಿ ತುಂಬ ಬರೇ ಗೂಗಿನೇ" ಎಂದು ದಾರಿಯನ್ನೂ ವಿವರವಾಗಿ ಹೇಳಿ, ಕುಡಿಯಲು ನೀರು ಕೊಟ್ಟು ಕಳಿಸಿದರು.

ಕಾರು ಮರೆಯಾದ ಕೂಡಲೇ ಅವರ ಮುಖ ಸಪ್ಪಗಾಯಿತು. "ಇವ ಹೊಳ್ಳಿ ಬರ್ತಾನ. ಹಿಕ್ಕಿ ನೋಡಿದ ಅಂದ್ರ ಮುಗೀತು. ಅಳಿಸಾಕ ಹತ್ತಿರ ಹೋದರ ಜೋಡಿ ಹೆದರಿ ಜಾಗಾ ಬಿಡತೈತಿ. ಅದಕ್ಕ, ಉಳಿದ ಎಲ್ಲಾ ಕಲ್ಲಿಗೂ ಹಿಕ್ಕಿ ಹಾಕೂಣು. ಹುಡುಕಲಿ ಮಗ!"

ಮರುದಿನ ಬೆಳಿಗ್ಗೆ ಸುಣ್ಣದ ಬಕೆಟ್ಟು ಹೊತ್ತು ಗುಡ್ಡ ಹತ್ತಿದೆವು. ಕಂಡ ಕಂಡ ಬಂಡೆಯ ನೆತ್ತಿಯಿಂದ ಸುಣ್ಣ ಸುರಿದೆವು. ಒಂದು ಸಂಗತಿ ಮಾತ್ರ ಇಬ್ಬರಿಗೂ ಹೊಳೆದಿರಲಿಲ್ಲ. ಅಮಾವಾಸ್ಯೆಯ ಮುಂದೆ ಗುಡ್ಡದ ಕಲ್ಲಿಗೆ ಸುಣ್ಣ ಬಿತ್ತೆಂದರೆ ನಮ್ಮ ಕಡೆಯವರಿಗೆ ನೆನಪಾಗುವುದು ಒಂದೇ, ನಿಧಿ ಅಗೆಯುವವರ ಗುರುತು. ನಾವು ಇಳಿಯುವಷ್ಟರಲ್ಲಿ ಕೆಳಗಿನ ಹಳ್ಳಿಯ ಜನ ಬಡಿಗೆ ಹಿಡಿದು ನಿಂತಿದ್ದರು.

"ಔಷಧ ಅಂಗಡಿ ಸಾಹುಕಾರ್ರು ಗುಡ್ಡಕ್ಕ ಸುಣ್ಣಾ ಹಚ್ಚಾಕ ಬಂದಾರೇನ್ರಿ?" ಎಂದರು ಅವರಲ್ಲಿ ಹಿರಿಯರು. "ಖರೇ ಹೇಳ್ರಿ. ನಿಧಿ ಎಲ್ಲೈತಿ?"

ನಾನು ಬಾಯಿ ತೆರೆದೆ. ಕಾಕಾ ನನ್ನ ತೋಳು ಚಿವುಟಿದರು. ಗೂಬೆ ಎಂದು ಹೇಳಿದ್ದರೆ ಮರ್ಯಾದೆಯಿಂದ ಮನೆಗೆ ಹೋಗಬಹುದಿತ್ತು. ಆದರೆ ಅಷ್ಟು ಜನರಲ್ಲಿ ಯಾರು ಯಾರಿಗೆ ಹೇಳುತ್ತಾರೋ! ಅವರು ಒಂದೊಂದೇ ಮುಖವನ್ನು ನೋಡಿದರು. ಆಮೇಲೆ ಸುಣ್ಣ ಮೆತ್ತಿದ ಕೈ ಜೋಡಿಸಿ, "ಹೌದ್ರಿ, ನಿಧಿಗೇ ಬಂದಿದ್ದೆ. ಆಸೆಕ್ಕ ಬಿದ್ದೆ, ತಪ್ಪಾತು" ಎಂದರು.

ಅಮಾವಾಸ್ಯೆ ಕಳೆಯುವವರೆಗೆ ಹಳ್ಳಿಯವರು ಪಾಳಿಯ ಮೇಲೆ ಗುಡ್ಡ ಕಾದರು. ಆ ಕಾರು ಬಂದದ್ದು ನಿಜ. ಬಡಿಗೆ ಕಂಡು ಬಂದ ದಾರಿಯಲ್ಲೇ ತಿರುಗಿತಂತೆ. "ಪುಕ್ಕಟ ಕಾವಲುಗಾರರು ಸಿಕ್ಕರಲ್ಲೋ ತಮ್ಮಾ!" ಎಂದು ಕಾಕಾ ನಕ್ಕರು. ನಗು ಬಹಳ ದಿನ ಉಳಿಯಲಿಲ್ಲ. ಗೂಬೆ ಉಳಿಸಿದವರ ಮೇಲೆಯೇ ಊರು ಗೂಬೆ ಕೂರಿಸಿತು. 'ನಿಧಿ ಸಾಹುಕಾರ' ಎಂಬ ಹೆಸರು ಬಿತ್ತು. ಹಳೆಯ ಗಿರಾಕಿಗಳು ಎದುರಿನ ಅಂಗಡಿಗೆ ಹೋಗತೊಡಗಿದರು. ಕಾಕಾ ಖಾಲಿ ಅಂಗಡಿಯಲ್ಲಿ ಕೂತು ಬಾಟಲಿಗಳ ಧೂಳು ಒರೆಸುತ್ತಿದ್ದರು.

"ಇನ್ನರ ಖರೇ ಹೇಳಿಬಿಡ್ರಿ ಕಾಕಾ" ಎಂದು ಒಮ್ಮೆ ಜಗಳವನ್ನೇ ಆಡಿದೆ.

"ನನ್ನ ಹೆಸರು ಹೋದರ ನಾಕು ಗುಳಿಗಿ ಕಮ್ಮಿ ಮಾರ್ತೇನಿ. ಆ ಸಂದು ಹೋದರ ಅವು ಎಲ್ಲಿಗೆ ಹೋಗಬೇಕೋ?"

ಹೋದ ಬೇಸಿಗೆಯಲ್ಲಿ ಕಾಕಾ ತೀರಿಕೊಂಡರು. ಮಣ್ಣಿಗೆ ಆ ಹಳ್ಳಿಯ ಹಿರಿಯರೂ ಬಂದಿದ್ದರು. ನನ್ನ ಪಕ್ಕಕ್ಕೆ ಸರಿದು ಕಿವಿಯಲ್ಲಿ ಕೇಳಿದರು: "ಈಗರ ಹೇಳ್ರಿ. ಖರೇನ ನಿಧಿಗೇ ಬಂದಿದ್ರೇನು? ಅವರ ಮಾರಿ ನೋಡಿ ನನಗ ಆವತ್ತೇ ನಂಬಿಕಿ ಬರಲಿಲ್ಲ."

ಕಾಕಾರ ಹೆಸರು ತೊಳೆಯಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಹಿರಿಯರ ಬೆನ್ನ ಹಿಂದೆ ಇನ್ನಿಬ್ಬರು ಕುತ್ತಿಗೆ ಚಾಚಿ ಕೇಳುತ್ತಿದ್ದುದು ಕಂಡಿತು.

"ನಿಧಿಗೇ ರೀ" ಎಂದೆ. "ಆದರ ಅದು ಆ ಗುಡ್ಡದಾಗ ಇಲ್ಲಂತ. ಅಗರಖೇಡದ ಕಡಿ, ಭೀಮಾ ದಂಡಿಗೆ ಐತಂತ." ಹೀಗೆ ಹೇಳಿ, ಕಣ್ಣೊರೆಸಿಕೊಂಡು, ಕಾಕಾರ ಮೇಲೆ ಒಂದು ಹಿಡಿ ಮಣ್ಣು ಹಾಕಿದೆ.