ಮೊದಲ ರೀಲು ಕೊನೆಗೆ

ಮೊಮ್ಮಗಳು ಉಗುರಿನ ಬಣ್ಣ ಅಳಿಸುವ ಘಾಟು ನೀರಿನ ಬಾಟಲಿ ತೆರೆದರೆ ಸಾಕು, ನನಗೆ ಅಪ್ಪ ನೆನಪಾಗುತ್ತಾನೆ. ಹರಿದ ರೀಲು ಅಂಟಿಸುವ ದ್ರಾವಣಕ್ಕೂ ಇದೇ ವಾಸನೆಯಿತ್ತು. ಅಪ್ಪ ಟೂರಿಂಗ್ ಟಾಕೀಸಿನ ಆಪರೇಟರ್. ಇಂಡಿ, ಸಿಂದಗಿ, ಮುದ್ದೇಬಿಹಾಳ ಎಂದು ಡೇರೆಯ ಹಿಂದೆ ತಿರುಗಿ, ತಿಂಗಳಿಗೊಮ್ಮೆ ಕೊಲ್ಹಾರದ ಮನೆಗೆ ಬರುತ್ತಿದ್ದ. ಅವನ ಅಂಗಿಗೆ, ತರುತ್ತಿದ್ದ ಚುರಮರಿಯ ಪೊಟ್ಟಣಕ್ಕೆ ಕೂಡ ಆ ವಾಸನೆ ಹತ್ತಿರುತ್ತಿತ್ತು. ನಿನ್ನೆ ಮಧ್ಯಾಹ್ನ ಅವಳು ಉಗುರು ಒರೆಸಿಕೊಳ್ಳುತ್ತ ಟಿವಿಯಲ್ಲಿ ಯಾವುದೋ ಹಳೆಯ ಹಂಗೇರಿಯ ಸಿನಿಮಾ ಹಾಕಿದಳು. ಗೀರು, ಕಲೆ ತೆಗೆದು ಹೊಸದರಂತೆ ಮಾಡಿದ್ದಾರಂತೆ. ಈ ವಯಸ್ಸಿನಲ್ಲಿ ನನಗೆ ಸಿನಿಮಾ ಎಂದರೆ ನಿದ್ದೆಗೊಂದು ನೆಪ. ಆದರೆ ಶುರುವಿನಲ್ಲೇ ಮುದುಕಿಯೊಬ್ಬಳು ಬಗ್ಗಿ ಒಲೆ ಹೊತ್ತಿಸುವುದನ್ನು ಕಂಡದ್ದೇ ನಾನು ಎದ್ದು ಕುಳಿತೆ.

ಎಪ್ಪತ್ತರ ದಶಕ. ಹೊಳೆಗೆ ಅಣೆಕಟ್ಟು ಬಂದರೆ ಊರು ಮುಳುಗುತ್ತದೆಂದು ಸರ್ವೆಯವರು ನಮ್ಮ ಗೋಡೆಗೆ ಡಾಂಬರಿನಲ್ಲಿ ನಂಬರು ಬರೆದು ಹೋಗಿದ್ದರು. ಅಪ್ಪನ ತಾಯಿ, ನಮ್ಮ ಆಯಿ, ಅಂದಿನಿಂದ ಆ ನಂಬರಿಗೆ ಬೆನ್ನು ಕೊಟ್ಟು ಕೂರತೊಡಗಿದಳು. ಬಂದವರಿಗೆ ಅದು ಕಾಣಬಾರದು. ನಸುಕಿನಲ್ಲಿ ಒಲೆ ಹೊತ್ತಿಸುವುದು ಯಾವಾಗಲೂ ಅವಳದೇ ಕೆಲಸ, ಅದನ್ನೂ ಬಿಟ್ಟಳು. "ನೀರಿಗಿ ಹೋಗೂ ಮನ್ಯಾಗ ಒಲಿ ಯಾಕ ಹಚ್ಚಬೇಕ?" ಎನ್ನುತ್ತಿದ್ದಳು. ಅವ್ವ ಬಡಿದುಕೊಟ್ಟ ರೊಟ್ಟಿಯಲ್ಲಿ ಅರ್ಧ ಕಾಗೆಗೆ, ಇನ್ನರ್ಧ ನನಗೆ. ಆಯಿ ದಿನೇದಿನೇ ಸಣ್ಣಗಾಗುತ್ತಿದ್ದಳು. ಅಪ್ಪ ಬಂದಾಗಲೆಲ್ಲ ರೊಟ್ಟಿ ಮುರಿದು ಅವಳ ಕೈಗಿಡುತ್ತಿದ್ದ, ಅವಳು ಅದನ್ನೂ ಕಾಗೆಗೆ ಹಾಕುತ್ತಿದ್ದಳು.

ಆಗ ವಿಜಾಪುರದ ಸಿನಿಮಾ ಪ್ರೇಮಿಗಳು ಕೆಲವರು ಈ ಹಂಗೇರಿಯ ಚಿತ್ರ ತರಿಸಿದರು. ಶನಿವಾರ ಅದನ್ನು ಓಡಿಸಿಕೊಟ್ಟವನು ಅಪ್ಪ. ಸೋಮವಾರ ಹಿಂದಿರುಗಿಸಬೇಕಾದ ರೀಲಿನ ಡಬ್ಬಿಗಳನ್ನು ಅವರಲ್ಲಿ ಬೇಡಿ, ಟಾಕೀಸಿನ ಪ್ರೊಜೆಕ್ಟರಿನ ಜೊತೆ ಭಾನುವಾರ ಕೊಲ್ಹಾರಕ್ಕೆ ತಂದ. ಸಾಲೆಯ ಕಿಟಕಿಗಳಿಗೆ ಕುರುಬರ ಮನೆಗಳ ಕಂಬಳಿ ಕಟ್ಟಿ ಹಾಡಹಗಲೇ ಕತ್ತಲೆ ಮಾಡಿದರು. ಉಣ್ಣೆಯ ವಾಸನೆ, ಸೆಕೆ, ಮುಂದಿನ ಸಾಲಿನಲ್ಲಿ ಆಯಿ, ಅವಳ ತೊಡೆಗೊರಗಿ ನಾನು.

ನಾವು ನೋಡಿದ ಕಥೆ ಹೀಗಿತ್ತು. ನೀರು ಬರುತ್ತದೆಂದು ಮುದುಕಿ ಒಲೆಗೆ ನೀರೆರಚಿ ಆರಿಸುತ್ತಾಳೆ, ಗಂಟುಮೂಟೆ ಹೇರಿ ಬಂಡಿ ಹೊರಡುತ್ತದೆ. ಆಮೇಲೆ ಜಗಳ, ಸರ್ಕಾರದವರು, ಮಾತುಕತೆ. ಕಡೆಗೆ ಬಂಡಿ ತುಂಬ ಜೋಳದ ತೆನೆ ಹೇರಿಕೊಂಡು ಎಲ್ಲರೂ ನಗುತ್ತ ಮನೆಗೆ ಬರುತ್ತಾರೆ, ಮುದುಕಿ ಒಲೆ ಹೊತ್ತಿಸುತ್ತಾಳೆ. ಪರದೆಯ ಕೆಳಗೆ ಓಡುತ್ತಿದ್ದ ಇಂಗ್ಲಿಷ್ ಸಾಲು ಓದಬಲ್ಲವರು ಮಾಸ್ತರೊಬ್ಬರೇ. ಅವರು ಉಂಡು ಬಂದು ಗೊರಕೆ ಹೊಡೆಯುತ್ತಿದ್ದರು. ಕಡೆಯ ರೀಲಿನಲ್ಲಿ ಚಿತ್ರದ ಹೆಸರು ಬಂದಾಗ ಎಚ್ಚರವಾಗಿ, "ಏನೋ ಇದು, ರೀಲು ಹಿಂದಮುಂದ ಆಗ್ಯಾವಲ್ಲ!" ಎಂದರು. "ಹೌದ್ರೀ ಮಾಸ್ತರ, ಡಬ್ಬಿ ಕಲಸಿ ಹೋಗಿದ್ವು. ನಂದ ತಪ್ಪಾತ್ರಿ," ಎಂದ ಅಪ್ಪ. ಆಯಿಗೆ ಇದು ಕೇಳಿಸಲೇ ಇಲ್ಲ. "ತಿರುಗಿ ಬಂದ್ರಲ್ಲೋ ತಮ್ಮಾ! ಒಲಿ ಹತ್ತಿತು ನೋಡು," ಎಂದು ಅಪ್ಪನ ಕೈ ಹಿಡಿದುಕೊಂಡಳು. ಮರುದಿನ ನಸುಕಿನಲ್ಲಿ ನಾನು ಎದ್ದಾಗ ಒಲೆಯ ಮುಂದೆ ಅವಳೇ ಕೂತಿದ್ದಳು.

ಆ ತಪ್ಪಿಗಾಗಿ ಊರು ಅಪ್ಪನನ್ನು ಸಾಯುವತನಕ ಕಾಡಿತು. ಕಲಸಿದ ಡಬ್ಬಿ ಎಂದೇ ಅಡ್ಡಹೆಸರಿಟ್ಟರು. ಅವನು ನಗುತ್ತಿದ್ದ, ನಾವೂ ನಗುತ್ತಿದ್ದೆವು. ಹಿಂದಿನ ದಿನವಷ್ಟೇ ಅದೇ ಚಿತ್ರವನ್ನು ವಿಜಾಪುರದಲ್ಲಿ ಸರಿಯಾಗಿ ಓಡಿಸಿದವನಿಗೆ ಕೊನೆ ಯಾವುದೆಂದು ಗೊತ್ತಿರಲಿಲ್ಲವೇ? ಇಷ್ಟು ವರ್ಷ ನನಗದು ಹೊಳೆಯಲೇ ಇಲ್ಲ. ನಿನ್ನೆ ಹೊಳೆಯಿತು. ಕೇಳಲು ಅಪ್ಪನಿಲ್ಲ. ಆಯಿ ನೀರು ಬರುವ ಮೊದಲೇ ಹೋದಳು, ಕೊನೆಯ ದಿನದವರೆಗೂ ಒಲೆ ಹೊತ್ತಿಸಿದಳು. ಆ ಒಲೆ, ಆ ಸಾಲೆ ಈಗ ಹೊಳೆಯ ತಳದಲ್ಲಿವೆ.

ಚಿತ್ರದ ಕೊನೆಯನ್ನು ಬದಲಿಸು ಎಂದು ಅಲ್ಲಿಯ ಸರ್ಕಾರದವರು ಹೇಳಿದಾಗ ಅದರ ನಿರ್ದೇಶಕ ಒಪ್ಪಲಿಲ್ಲವಂತೆ, ಮೊಮ್ಮಗಳು ಫೋನಿನಲ್ಲಿ ನೋಡಿ ಓದಿದಳು. ಆಮೇಲೆ ಹತ್ತು ಹನ್ನೆರಡು ವರ್ಷ ಅವನಿಗೆ ಕೆಲಸವೇ ಸಿಗಲಿಲ್ಲ. ಮಕ್ಕಳಿಗೆ ಚಿತ್ರ ಬರೆಯಲು ಕಲಿಸುತ್ತ ಮುದುಕನಾದ. ಬದುಕಿಡೀ ಮಾಡಿದ್ದು ಐದೇ ಸಿನಿಮಾ. ಪುಣ್ಯಾತ್ಮ, ಯಾವ ಕೊನೆಗಾಗಿ ಅಷ್ಟೆಲ್ಲ ಕಳೆದುಕೊಂಡನೋ ಅದನ್ನು ನಮ್ಮಪ್ಪ ಒಂದು ಮಧ್ಯಾಹ್ನದಲ್ಲಿ ತಿರುಗಿಸಿಬಿಟ್ಟಿದ್ದ. ಆ ನಿರ್ದೇಶಕನಲ್ಲಿ ಕ್ಷಮೆ ಕೇಳಬೇಕೆನಿಸಿತು. ಅಪ್ಪನಿಗಾಗಿ ಅಳು ಬಂತು.

ಟಿವಿಯಲ್ಲಿ ಒಲೆ ಆರಿ, ಬಾಗಿಲು ಮುಚ್ಚಿ, ಬಂಡಿ ಹೊರಟು ಚಿತ್ರ ಮುಗಿಯಿತು. "ಪಾಪ, ಕಡೀಕ ಒಲಿ ಆರಿಸೇ ಬಿಟ್ಳಲ್ಲ ಆ ಮುದುಕಿ," ಎಂದಳು ಮೊಮ್ಮಗಳು.

"ನಮ್ಮೂರಾಗ ಆರಿಸಿದ್ದಿಲ್ಲವ್ವಾ," ಎಂದೆ. "ಅದು ಮೊದಲ ಬಂತಲ್ಲ, ಒಲಿ ಹಚ್ಚೂದು, ಅಷ್ಟ ಇನ್ನೊಮ್ಮಿ ಹಾಕು."